ಇಂಜೆಕ್ಷನ್ ಆದ ದಿನ ಮಲಗಬೇಡಿ, ಕೂರಿ

ಕೂತರೆ ಉರಿ, ನಿಂತರೆ ಹಗುರ, ರಾತ್ರಿ ನೋವಿನಿಂದ ಎಚ್ಚರವಾಗುವುದಿಲ್ಲ, ಕೂರುವುದಾದರೆ ಕಮೋಡ್ ಮೇಲೆ ಮಾತ್ರ ಆರಾಮ. ಹೀಗೆ ಹೇಳುವವರಲ್ಲಿ ಪುಡೆಂಡಲ್ ನರದ ಮೇಲೆ, ಅಂದರೆ ಗುದ, ಜನನಾಂಗ ಮತ್ತು ಅವುಗಳ ನಡುವಿನ ಜಾಗದ ನರದ ಮೇಲೆ, ಅನುಮಾನ ಬರಬೇಕು. ಅವರ ಫೈಲಿನಲ್ಲಿರುವುದು ಮಾತ್ರ ಮೂಲವ್ಯಾಧಿ ಮುಲಾಮಿನ ಚೀಟಿ, 'ನಾರ್ಮಲ್' ಎಂದ ಎಂಆರ್‌ಐ.

ಎಂಆರ್‌ಐ ಮಾಡಿಸುವುದು ನರವನ್ನು ಒತ್ತುವ ಗಡ್ಡೆ, ಸಿಸ್ಟ್ ಇದೆಯೇ ಎಂದು ನೋಡಲು. 3 ಟೆಸ್ಲಾ ಯಂತ್ರದಲ್ಲೂ ಏನೂ ಕಾಣದಿದ್ದರೆ ನರ ನಿರಪರಾಧಿ ಎಂದಲ್ಲ. ಈ ನರದ ನೋವನ್ನು ಗುರುತಿಸಲು ಬಳಸುವ 2008ರ ನಾಂಟ್ ಮಾನದಂಡಗಳು ಐದು. ನಾಲ್ಕು ಮಾತು ಮತ್ತು ತಪಾಸಣೆಯಲ್ಲೇ ಸಿಗುತ್ತವೆ, ಐದನೆಯದು ಬ್ಲಾಕ್: ನರವನ್ನು ಕೆಲವು ಗಂಟೆ ಮರಗಟ್ಟಿಸುವ ಇಂಜೆಕ್ಷನ್ನಿಂದ ನೋವು ಹೋಗುತ್ತದೆಯೇ ಎಂಬ ಪರೀಕ್ಷೆ.

ಸಿಟಿ ಸ್ಕ್ಯಾನ್ ನೋಡುತ್ತ, ಬೋರಲು ಮಲಗಿಸಿ, ತೆಳು ಸೂಜಿಯನ್ನು ಇಶಿಯಲ್ ಸ್ಪೈನ್ (ಸೊಂಟದ ಮೂಳೆಯ ಒಂದು ಮೊನೆ) ಬಳಿ ಎರಡು ಲಿಗಮೆಂಟ್‌ಗಳ ನಡುವೆ ಇಡುತ್ತೇವೆ. ಬೇಕಾದರೆ ಮುಂದೆ, ಈ ನರ ಹಾದುಹೋಗುವ ಆಲ್ಕಾಕ್ ಕಾಲುವೆಯಲ್ಲೂ. ಮೊದಲು ತುಸು ಕಾಂಟ್ರಾಸ್ಟ್, ಅಂದರೆ ಸ್ಕ್ಯಾನಿನಲ್ಲಿ ಎದ್ದು ಕಾಣುವ ದ್ರವ. ಅದು ಸ್ನಾಯುವಿನೊಳಗೆ ಹೋದರೆ ಸೂಜಿ ಸರಿಸಬೇಕು. ಆಮೇಲೆ ಕೆಲವೇ ಎಂಎಲ್ ಬುಪಿವಕೈನ್ ಎಂಬ ಮರಗಟ್ಟಿಸುವ ಔಷಧ, ಸಾಮಾನ್ಯವಾಗಿ ಜೊತೆಗೆ ಸ್ಟಿರಾಯ್ಡ್. ಔಷಧ ಪಕ್ಕದ, ಕಾಲಿಗೆ ಹೋಗುವ ಸಯಾಟಿಕ್ ನರಕ್ಕೆ ಹರಿದರೆ ಕೆಲವು ಗಂಟೆ ಕಾಲು ಜೋಮು; ಸ್ಕೂಟರಿನಲ್ಲಿ ಒಬ್ಬರೇ ಬರಬೇಡಿ. ರಕ್ತ ತೆಳುವಾಗಿಸುವ ಮಾತ್ರೆ, ಗರ್ಭ, ಅಲರ್ಜಿ ಇದ್ದರೆ ಮೊದಲೇ ತಿಳಿಸಿ.

ಇಷ್ಟೆಲ್ಲ ಮಾಡಿದ ಮೇಲೆ ಜನ ಮನೆಗೆ ಹೋಗಿ ನೋವಿನ ಮಾತ್ರೆ ನುಂಗಿ ಮಲಗಿಬಿಡುತ್ತಾರೆ! ಹದಿನೈದು ದಿನ ಬಿಟ್ಟು 'ಉಪಯೋಗವಾಗಲಿಲ್ಲ' ಎನ್ನುತ್ತಾರೆ. ಪರೀಕ್ಷೆ ನಡೆದದ್ದು ಮೊದಲ ಕೆಲವು ಗಂಟೆಗಳಲ್ಲಿ. ಆಗ ಅವರು ನಿದ್ದೆಯಲ್ಲಿದ್ದರು.

ಸೂಜಿಗೆ ಮುಂಚೆ ನೋವು ಬರುವವರೆಗೆ ಕೂತು ಹತ್ತರಲ್ಲಿ ಎಷ್ಟು ಎಂದು ಬರೆಯಿರಿ. ಆಮೇಲೆ ಆ ಜಾಗ ಮರಗಟ್ಟಿದೆಯೇ ಮುಟ್ಟಿ ನೋಡಿ. ಗಟ್ಟಿ ಕುರ್ಚಿಯಲ್ಲಿ ಕೂತು ಆರು ಗಂಟೆವರೆಗೆ ಗಂಟೆಗೊಮ್ಮೆ ಅಂಕಿ ಬರೆಯಿರಿ. ಮರಗಟ್ಟಿ, ನೋವೂ ಹೋದರೆ ನರದ ಮೇಲಿನ ಅನುಮಾನ ಗಟ್ಟಿಯಾಯಿತು, ಸಾಬೀತಾಯಿತು ಎನ್ನಲಾರೆ: ಅದೇ ನರದ ಹರವಿನಲ್ಲಿರುವ ಬೇರೆ ಕಾಯಿಲೆಯ ನೋವೂ ಹಾಗೆ ಮಾಯವಾಗಬಹುದು. ಮರಗಟ್ಟಿಯೂ ನೋವಿದ್ದರೆ ಮೂಲ ಬೇರೆಡೆ ಹುಡುಕಬೇಕು, ಬೆನ್ನಿನ ಕಡೆಗೂ. ಮರಗಟ್ಟಲೇ ಇಲ್ಲ, ನೋವೂ ಇದೆ ಎಂದರೆ ಔಷಧ ನರಕ್ಕೆ ತಲುಪಿಲ್ಲ. ಅದನ್ನು 'ನೆಗೆಟಿವ್' ಎಂದು ಬರೆದುಬಿಡುವವರಲ್ಲಿ ವೈದ್ಯರೂ ಇದ್ದಾರೆ.

ರಾತ್ರಿ ಹೊತ್ತಿಗೆ ನೋವು ಮರಳುತ್ತದೆ, ಎರಡು ಮೂರು ದಿನ ಹೆಚ್ಚಾಗಲೂಬಹುದು. ಸ್ಟಿರಾಯ್ಡ್ ಕೆಲಸ ತೋರಲು ಒಂದೆರಡು ವಾರ ಬೇಕಾಗಬಹುದು. ಇಂಜೆಕ್ಷನ್ ದಿನ ಯಾವ ನೋವಿನ ಮಾತ್ರೆ ಬಿಡಬಹುದು ಎಂದು ವೈದ್ಯರನ್ನು ಕೇಳಿ. ನರದ ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ. ನಡುವೆ ತೂತಿರುವ ದಿಂಬನ್ನು ಮಾತ್ರ ಆ ಆರು ಗಂಟೆ ಪಕ್ಕಕ್ಕಿಡಿ.