80ಡಿ ಕಡಿತ: ಆಸ್ಪತ್ರೆ ಬಿಲ್ ಇದ್ದರಷ್ಟೇ ಸಾಲದು

ರೋಗಿಗೆ 45 ವರ್ಷ, ಆಸ್ಪತ್ರೆ ಬಿಲ್ 3 ಲಕ್ಷ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಂ ಕೆಳಗೆ, ತೆರಿಗೆ ಬೀಳುವ ಆದಾಯದಲ್ಲಿ ಇದಕ್ಕೆ ಎಷ್ಟು ಕಡಿತ? ಸೊನ್ನೆ. 80ಡಿ ಮುಖ್ಯವಾಗಿ ಆರೋಗ್ಯ ವಿಮೆಯ ಪ್ರೀಮಿಯಂಗೆ ಕೊಡುವ ಕಡಿತ. ಚಿಕಿತ್ಸೆಯ ಖರ್ಚಿಗೆ ಅಲ್ಲಿ ಜಾಗ ಇರುವುದು 60 ತುಂಬಿದ, ವಿಮೆ ಇಲ್ಲದ ಹಿರಿಯರಿಗೆ ಮಾತ್ರ.

ಈ ಕಡಿತವೆಲ್ಲ ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ನಾವು ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯ. ಸಂಬಳದಾರರು ಆದಾಯ ತೆರಿಗೆ ರಿಟರ್ನ್‌ನಲ್ಲೇ (ಐಟಿಆರ್) ಹಳೆಯದನ್ನು ಆರಿಸಬಹುದು. ವ್ಯಾಪಾರದ ಆದಾಯ ಇದ್ದವರು ಅದಕ್ಕಾಗಿ ಫಾರಂ 10-ಐಇಎ ಕೊಡಬೇಕು. ಗಡುವು ದಾಟಿ ರಿಟರ್ನ್ ಸಲ್ಲಿಸುವವರಿಗೆ ಈ ಆಯ್ಕೆಯೇ ಸಿಗದು. ಎಲ್ಲ ರಸೀದಿ ಜೋಡಿಸಿಟ್ಟು ಇಲ್ಲಿ ಎಡವುವವರು ಹೆಚ್ಚು.

ಮಿತಿಗಳು ಎರಡು ಗುಂಪಿನಲ್ಲಿವೆ. ತಾನು, ಸಂಗಾತಿ, ಅವಲಂಬಿತ ಮಕ್ಕಳಿಗೆ ಒಟ್ಟು 25,000 ರೂ.; ತಂದೆತಾಯಿಗೆ ಪ್ರತ್ಯೇಕ 25,000 ರೂ. ಗುಂಪಿನಲ್ಲಿ ಹಿರಿಯರಿದ್ದು ಹಣ ಅವರಿಗಾಗಿ ಕಟ್ಟಿದ್ದರೆ ಆ ಗುಂಪಿನ ಮಿತಿ 50,000 ರೂ. ತಂದೆತಾಯಿ ನಮ್ಮನ್ನೇ ಅವಲಂಬಿಸಿರಬೇಕೆಂದಿಲ್ಲ. ಅತ್ತೆ-ಮಾವನಿಗೆ ಕಟ್ಟಿದ ಪ್ರೀಮಿಯಂ ಮಾತ್ರ ಲೆಕ್ಕಕ್ಕಿಲ್ಲ. ಹೆಂಡತಿಗೂ ತೆರಿಗೆಯ ಆದಾಯವಿದ್ದರೆ ಆಕೆಯೇ ತನ್ನ ಖಾತೆಯಿಂದ ಕಟ್ಟುವುದು ಜಾಣತನ.

ಪ್ರೀಮಿಯಂ, ಚಿಕಿತ್ಸೆ ಎರಡನ್ನೂ ನಗದಾಗಿ ಕೊಟ್ಟರೆ ಕಡಿತ ಇಲ್ಲ. ಆರೋಗ್ಯ ತಪಾಸಣೆಗೆ ಮಾತ್ರ ನಗದು ನಡೆಯುತ್ತದೆ, ಗರಿಷ್ಠ 5,000 ರೂ. ಇದು ಮೇಲಿನ ಮಿತಿಯ ಒಳಗೇ ಸೇರುತ್ತದೆ, ಹೆಚ್ಚುವರಿಯಲ್ಲ.

ಒಂದು ಲೆಕ್ಕ ನೋಡೋಣ. 38ರ ಉದ್ಯೋಗಿ, ತನ್ನ ಕುಟುಂಬದ ಪ್ರೀಮಿಯಂ 21,000, ನಗದಾಗಿ ಮಾಡಿಸಿದ ತಪಾಸಣೆ 6,000. ತಪಾಸಣೆಯಲ್ಲಿ 5,000 ಅರ್ಹ, ಆದರೆ ಉಳಿದ ಜಾಗ 4,000. ಮೊದಲ ಗುಂಪು 25,000ಕ್ಕೆ ಭರ್ತಿ. ತಂದೆಗೆ 67, ಅವರ ಪ್ರೀಮಿಯಂ 32,000. ತಾಯಿಗೆ 63, ವಿಮೆ ಇಲ್ಲ. ಶುಗರ್, ಬಿಪಿ ಮಾತ್ರೆ, ಡಾಕ್ಟರ್ ಫೀಸು ಸೇರಿ ವರ್ಷಕ್ಕೆ 27,000. ಇದರಲ್ಲಿ ಮೆಡಿಕಲ್ ಶಾಪಿಗೆ ನಗದಾಗಿ ಕೊಟ್ಟ 4,000 ಬಿಟ್ಟರೆ ಯುಪಿಐನಲ್ಲಿ ಹೋದದ್ದು 23,000. ಒಟ್ಟು 55,000, ಸಿಗುವುದು 50,000. ಎರಡೂ ಗುಂಪು ಸೇರಿ 75,000. ಶೇ. 20ರ ಸ್ಲ್ಯಾಬಿನಲ್ಲಿ ಸೆಸ್ ಸೇರಿ 15,600 ರೂ. ತೆರಿಗೆ ಉಳಿತಾಯ.

ಇದೇ ತಂದೆಗೆ ವಿಮಾ ಕಂಪನಿ ಬಿಲ್ಲಿನ ಒಂದಷ್ಟನ್ನು ಕೊಡದೆ ಉಳಿಸಿತು ಎನ್ನಿ. ಕೈಯಿಂದ ಕೊಟ್ಟ ಆ ಹಣವನ್ನು ಚಿಕಿತ್ಸಾ ಖರ್ಚೆಂದು ತೋರಿಸಬಹುದೇ? ಇಲ್ಲ. ಆ ವ್ಯಕ್ತಿಯ ಹೆಸರಲ್ಲಿ ವಿಮೆ ಜಾರಿಯಲ್ಲಿದ್ದರೆ ಖರ್ಚಿನ ಬಾಗಿಲು ಮುಚ್ಚಿದಂತೆ. ಕಂಪನಿ ತಾನೇ ಕಟ್ಟುವ ಗ್ರೂಪ್ ವಿಮೆಯ ಪ್ರೀಮಿಯಂಗೂ ನಮಗೆ ಕಡಿತ ಇಲ್ಲ. ಸಂಬಳದಿಂದ ಮುರಿದುಕೊಂಡ ಪಾಲಿಗೆ ಉಂಟು.

ಕ್ಯಾನ್ಸರ್, ಮೂತ್ರಪಿಂಡದ ದೀರ್ಘಕಾಲದ ವೈಫಲ್ಯ, ಹಿಮೋಫಿಲಿಯಾ, ಥಲಸೇಮಿಯಾದಂಥ ಕಾಯಿಲೆಗಳಿಗೆ 80ಡಿಡಿಬಿ ಎಂಬ ಬೇರೆಯೇ ಕಲಂ ಇದೆ: 40,000 ರೂ.ವರೆಗೆ, ರೋಗಿ ಹಿರಿಯರಾದರೆ 1 ಲಕ್ಷದವರೆಗೆ. ಇಲ್ಲಿ ಅವಲಂಬಿತ ಅಣ್ಣತಮ್ಮ, ಅಕ್ಕತಂಗಿಯರೂ ಬರುತ್ತಾರೆ. ತಜ್ಞ ವೈದ್ಯರ ಚೀಟಿ ಬೇಕೇ ಬೇಕು. ರೋಗಿಯ ಹೆಸರು, ವಯಸ್ಸು, ಕಾಯಿಲೆ, ವೈದ್ಯರ ನೋಂದಣಿ ಸಂಖ್ಯೆ ಅದರಲ್ಲಿರಲಿ. ವಿಮೆಯಿಂದ ಬಂದ ಹಣವನ್ನು ಮಿತಿಯೊಳಗಿನ ಮೊತ್ತದಿಂದ ಕಳೆಯಬೇಕು: ಹಿರಿಯರಿಗೆ 3 ಲಕ್ಷ ಖರ್ಚಾಗಿ ವಿಮೆ 70,000 ಕೊಟ್ಟಿದ್ದರೆ, 1 ಲಕ್ಷದಲ್ಲಿ 70,000 ಹೋಗಿ ಉಳಿಯುವುದು 30,000.