ಸಿಇಟಿ ಗಣಿತ: ತೀರ್ಥಹಳ್ಳಿ ಬಸ್ಸಿನಲ್ಲಿ ಉತ್ತರ ತಾಳೆ ನೋಡಿದಾಗ ಬರೆದುಕೊಂಡ ಟಿಪ್ಪಣಿ

ಗಣಿತ ಪತ್ರಿಕೆ ಮುಗಿಸಿ ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಬಂದಾಗ ನಾನು, ಗೆಳೆಯ, ಗೆಳತಿ, ಹೀಗೆ ನಮ್ಮ ಮೂವರ ಕೈಯಲ್ಲೂ ಪ್ರಶ್ನೆಪುಸ್ತಿಕೆ ಇತ್ತು. ಅದರೊಳಗೆ ಮಡಿಕೆ ಬೀಳದಂತೆ ಇಟ್ಟುಕೊಂಡ ಒಎಂಆರ್ ಹಾಳೆಯ ನಕಲು. ಮೇಲಿನ ಹಾಳೆಯನ್ನು ಕೊಠಡಿಯ ಮೇಲ್ವಿಚಾರಕರು ಬಿಡಿಸಿಕೊಳ್ಳುತ್ತಾರೆ, ಕೆಳಗಿನದನ್ನು ಸ್ವಯಂ ಮೌಲ್ಯಮಾಪನಕ್ಕೆಂದು ನಮಗೇ ಕೊಡುತ್ತಾರೆ. ತೀರ್ಥಹಳ್ಳಿಯ ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ತಾಳೆ ನೋಡಲು ಶುರು ಮಾಡಿದೆವು. ‘ಹದಿನೇಳಕ್ಕೆ ಏನು ಹಾಕಿದ್ದೀಯ?’ ‘ಬಿ.’ ‘ಅಯ್ಯೋ, ನಾನು ಡಿ.’ ಎರಡು ನಿಮಿಷ ಗಾಬರಿಪಟ್ಟ ಮೇಲೆ ನೋಡಿದರೆ ಗೆಳೆಯನ ಹದಿನೇಳನೆಯ ಪ್ರಶ್ನೆಯೇ ಬೇರೆ, ನನ್ನದೇ ಬೇರೆ. ವರ್ಷನ್ ಕೋಡ್ ಬದಲಾದರೆ ಪ್ರಶ್ನೆಗಳ ಕ್ರಮವೂ ಬದಲಾಗುತ್ತದೆ. ಹಾಗಾಗಿ ಸಂಖ್ಯೆ ಮತ್ತು ಅಕ್ಷರಗಳನ್ನು ಬಿಟ್ಟುಬಿಡಿ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ನಿಮಗೆ ಬಂದ ಉತ್ತರವನ್ನೇ ಹೇಳಿ, ಹೇಗೆ ಬಂತು ಎಂಬುದನ್ನೂ ಹೇಳಿ.

ಪರೀಕ್ಷೆ ಮುಗಿದ ಮೇಲೆ ಉತ್ತರದ ಮಾತೆತ್ತಬೇಡಿ ಎಂದು ಮನೆಯಲ್ಲೂ ಕಾಲೇಜಿನಲ್ಲೂ ಹೇಳುತ್ತಾರೆ. ಮುಂದೆ ಇನ್ನೊಂದು ಪತ್ರಿಕೆ ಇದ್ದರೆ ಅದು ಸರಿಯಾದ ಮಾತು. ನಮಗೆ ಗಣಿತವೇ ಕೊನೆಯದಾಗಿತ್ತು. 60 ಪ್ರಶ್ನೆಗಳಿಗೆ ಉತ್ತರಿಸಲು ಇರುವುದು 70 ನಿಮಿಷ, ಒಂದಕ್ಕೆ ಒಂದು ನಿಮಿಷ ಹತ್ತು ಸೆಕೆಂಡು. ಆ ಅವಸರದಲ್ಲಿ ತಲೆ ಯಾವ ದಾರಿ ಹಿಡಿಯಿತು ಎಂಬುದು ಅದೇ ಸಂಜೆ ನೆನಪಿರುತ್ತದೆ, ವಾರ ಕಳೆದರೆ ಇರುವುದಿಲ್ಲ. ಆ ನೆನಪು ಹಸಿಯಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕೆಳಗಿನ ಲೆಕ್ಕಗಳಲ್ಲಿ ಅಂಕಿಗಳನ್ನು ಬದಲಿಸಿದ್ದೇನೆ, ಲೆಕ್ಕದ ಬಗೆ ಅದೇ.

ಮೊದಲ ಜಗಳ ಅನುಕಲನದ್ದು. ಸೈನ್ ಎಕ್ಸ್ ಮತ್ತು ಕಾಸ್ ಎಕ್ಸ್ ಇವುಗಳ ಗುಣಲಬ್ಧವನ್ನು ಅನುಕಲಿಸಬೇಕು. ಗೆಳೆಯ ಸೈನ್ ಎಕ್ಸ್ ಅನ್ನು ‘ಟಿ’ ಎಂದು ಇಟ್ಟುಕೊಂಡಿದ್ದ. ಅವನಿಗೆ ಸೈನ್ ವರ್ಗದ ಅರ್ಧ ಬಂದಿತ್ತು. ನಾನು ಕಾಸ್ ಎಕ್ಸ್ ಅನ್ನು ‘ಟಿ’ ಎಂದು ಇಟ್ಟಿದ್ದೆ, ನನಗೆ ಕಾಸ್ ವರ್ಗದ ಅರ್ಧ, ಅದೂ ಮೈನಸ್ ಚಿಹ್ನೆಯೊಂದಿಗೆ. ಗೆಳತಿ ಮೊದಲೇ ಗುಣಲಬ್ಧವನ್ನು ಸೈನ್ 2ಎಕ್ಸ್‌ನ ಅರ್ಧ ಮಾಡಿಕೊಂಡಿದ್ದಳು, ಅವಳದು ಮೈನಸ್ ಕಾಸ್ 2ಎಕ್ಸ್‌ನ ಕಾಲುಭಾಗ. ಮೂವರ ಮುಖವೂ ಸಪ್ಪಗಾಯಿತು. ಆದರೆ ಮೂರೂ ಸರಿ. ನನ್ನ ಉತ್ತರವನ್ನು ಗೆಳೆಯನ ಉತ್ತರದಿಂದ ಕಳೆದರೆ ಉಳಿಯುವುದು ಸೈನ್ ವರ್ಗ ಮತ್ತು ಕಾಸ್ ವರ್ಗಗಳ ಮೊತ್ತದ ಅರ್ಧ, ಅಂದರೆ ಬರೀ 1/2. ಅದು ಸ್ಥಿರಾಂಕ ‘ಸಿ’ಯೊಳಗೆ ಅಡಗಿಹೋಗುತ್ತದೆ. ನಂಬಿಕೆ ಬಾರದಿದ್ದರೆ ಮೂರಕ್ಕೂ 0 ಮತ್ತು 90 ಡಿಗ್ರಿಯ ಮಿತಿ ಹಾಕಿ ನೋಡಿ, ಮೂರರಲ್ಲೂ 1/2 ಬರುತ್ತದೆ. ಆಯ್ಕೆಗಳಲ್ಲಿ ನಿಮ್ಮ ರೂಪದ ಉತ್ತರ ಕಾಣದಿದ್ದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಹಿಡಿಯಬೇಡಿ. ಕೊಟ್ಟ ಆಯ್ಕೆಗಳನ್ನು ಒಂದೊಂದಾಗಿ ಅವಕಲಿಸಿ; ಯಾವುದು ಪ್ರಶ್ನೆಯ ಫಲನವನ್ನು ಮರಳಿ ಕೊಡುತ್ತದೋ ಅದೇ ಉತ್ತರ. ನಾನು ಇದನ್ನು ಮಾಡದೆ ಸುಮಾರು ಎರಡು ನಿಮಿಷ ಕಳೆದುಕೊಂಡೆ.

ಗಾಜನೂರು ದಾಟುವ ಹೊತ್ತಿಗೆ ಇದಕ್ಕೆ ತಿರುವುಮುರುವಾದ ಸಂಗತಿ ಎದುರಾಯಿತು. ಸೈನ್ 120 ಡಿಗ್ರಿಯ ಸೈನ್ ಇನ್ವರ್ಸ್ ಎಷ್ಟು? ನನಗೂ ಗೆಳೆಯನಿಗೂ 120 ಡಿಗ್ರಿ. ಇಬ್ಬರದೂ ಕೂಡಿಬಂತು ಎಂದು ಖುಷಿಯಿಂದ ಗುರುತು ಹಾಕಿದೆವು. ಗೆಳತಿ ಒಪ್ಪಲಿಲ್ಲ. ಸೈನ್ ಇನ್ವರ್ಸ್‌ನ ಪ್ರಧಾನ ಬೆಲೆ ಮೈನಸ್ 90ರಿಂದ 90 ಡಿಗ್ರಿಯೊಳಗೇ ಇರಬೇಕು, 120 ಅಲ್ಲಿ ಕೂರುವುದಿಲ್ಲ. ಸೈನ್ 120 ಮತ್ತು ಸೈನ್ 60 ಒಂದೇ ಆದ್ದರಿಂದ ಉತ್ತರ 60. ಅವಳು ಹೇಳಿದ್ದೇ ಸರಿ. ಪ್ರಶ್ನೆಯಲ್ಲಿ ಸೈನ್ ಬದಲು ಕಾಸ್ ಇದ್ದಿದ್ದರೆ ನಮ್ಮ 120 ಉಳಿಯುತ್ತಿತ್ತು, ಏಕೆಂದರೆ ಕಾಸ್ ಇನ್ವರ್ಸ್‌ನ ವ್ಯಾಪ್ತಿ 0ಯಿಂದ 180. ಬಲೆಯನ್ನು ಹೆಣೆದಿರುವುದೇ ಹೆಚ್ಚಿನವರು ಬೀಳಲಿ ಎಂದು. ಅದರಲ್ಲಿ ಇಬ್ಬರು ಒಟ್ಟಿಗೆ ಬಿದ್ದರೆ ಉತ್ತರ ಕೂಡಿಬಂದೇ ಬರುತ್ತದೆ. ಹಾಗಾಗಿ ತಾಳೆಯಾದ ಉತ್ತರಗಳಿಗೂ ‘ಏಕೆ’ ಎಂದು ಕೇಳಿ. ಅದೇ ಬಗೆಯ ಇನ್ನೊಂದು: 3×3 ಮಾತೃಕೆಯ ನಿರ್ಣಾಯಕ 5 ಆದರೆ ಮಾತೃಕೆಯನ್ನು ಎರಡರಿಂದ ಗುಣಿಸಿದಾಗ ನಿರ್ಣಾಯಕ 10 ಅಲ್ಲ, 40. ಮೂರು ಸಾಲಿನಿಂದಲೂ ಒಂದೊಂದು 2 ಹೊರಬರುತ್ತದೆ.

ಊಹಿಸಿ ಗುರುತು ಮಾಡಿದ ಪ್ರಶ್ನೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ‘ಊ’ ಎಂದು ಬರೆದುಕೊಳ್ಳಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಎಲ್ಲರೂ ಊಹಿಸುತ್ತಾರೆ, ಊಹಿಸಲೂ ಬೇಕು. ಆದರೆ ಜೆಇಇ ಮೇನ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ ಒಂದು ಕಳೆತ. ಇಲ್ಲಿ ಊಹೆಯಿಂದ ಸರಿಯಾದದ್ದನ್ನು ‘ನನಗೆ ಗೊತ್ತಿತ್ತು’ ಎಂದು ಎಣಿಸಿಕೊಂಡರೆ ಅಲ್ಲಿ ಪೆಟ್ಟು ಬೀಳುತ್ತದೆ.

ಮಂಡಗದ್ದೆ ಹತ್ತಿರ ಮಳೆ ಹಿಡಿಯಿತು. ಕಿಟಕಿಯ ಗಾಜು ಎಳೆಯುವಷ್ಟರಲ್ಲಿ ಪುಸ್ತಿಕೆಯ ಅಂಚು ನೆನೆದಿತ್ತು. ಆ ನೆನೆದ ಪುಟದಲ್ಲೇ ಇದ್ದದ್ದು ಸಂಭವನೀಯತೆಯ ಪ್ರಶ್ನೆ. ಮೊದಲ ಚೀಲದಲ್ಲಿ 3 ಕೆಂಪು, 2 ಕಪ್ಪು ಚೆಂಡು. ಎರಡನೆಯದರಲ್ಲಿ 1 ಕೆಂಪು, 4 ಕಪ್ಪು. ಯಾವುದೋ ಒಂದು ಚೀಲವನ್ನು ಆರಿಸಿ ಒಂದು ಚೆಂಡು ತೆಗೆದರು, ಅದು ಕೆಂಪು. ಅದು ಮೊದಲ ಚೀಲದಿಂದ ಬಂದಿರುವ ಸಂಭವನೀಯತೆ ಎಷ್ಟು? ಗೆಳೆಯನದು 3/10, ನನ್ನದು 3/5, ಗೆಳತಿಯದು 3/4. ಬೇಯಸ್ ಪ್ರಮೇಯದ ಸೂತ್ರ ಮೂವರಿಗೂ ಬಾಯಿಪಾಠವಿತ್ತು. ಆದರೂ ಮೂರು ಉತ್ತರ.

ಗೆಳತಿಯ ಮನೆಯಲ್ಲಿ ಅಡಿಕೆ ತೋಟವಿದೆ. (ರಾಶಿ, ಗೊರಬಲು ಎಂಬವು ಅಡಿಕೆಯ ಎರಡು ದರ್ಜೆಗಳ ಹೆಸರು.) ಅವಳು ಸೂತ್ರವನ್ನು ಬದಿಗಿಟ್ಟು ಹೇಳಿದಳು: ‘ನಮ್ಮ ಅಟ್ಟದಲ್ಲಿ ಎರಡು ಮೂಟೆ ಇವೆ ಎಂದುಕೊಳ್ಳಿ. ಒಂದರಲ್ಲಿ ಐದಕ್ಕೆ ಮೂರು ರಾಶಿ ಅಡಿಕೆ, ಎರಡು ಗೊರಬಲು. ಇನ್ನೊಂದರಲ್ಲಿ ಐದಕ್ಕೆ ಒಂದೇ ರಾಶಿ, ಉಳಿದದ್ದೆಲ್ಲ ಗೊರಬಲು. ಕತ್ತಲಲ್ಲಿ ಅಟ್ಟ ಹತ್ತಿ ಯಾವುದೋ ಮೂಟೆಗೆ ಕೈ ಹಾಕಿ ಒಂದು ಅಡಿಕೆ ತರುತ್ತೇನೆ. ಅಪ್ಪಯ್ಯನಿಗೆ ತೋರಿಸಿ ಅದೇ ಮೂಟೆಗೆ ವಾಪಸು ಹಾಕುತ್ತೇನೆ. ಹೀಗೆ ನೂರು ಸಲ.’

ನೂರರಲ್ಲಿ ಸುಮಾರು 50 ಸಲ ಕೈ ಮೊದಲ ಮೂಟೆಗೆ ಹೋಗುತ್ತದೆ, ಅದರಲ್ಲಿ 30 ಸಲ ರಾಶಿ ಸಿಗುತ್ತದೆ. ಉಳಿದ 50 ಸಲ ಎರಡನೆಯ ಮೂಟೆ, ಅದರಲ್ಲಿ 10 ಸಲ ರಾಶಿ. ಅಪ್ಪಯ್ಯ ರಾಶಿ ನೋಡುವುದು ಒಟ್ಟು 40 ಸಲ, ಅವುಗಳಲ್ಲಿ ಮೊದಲ ಮೂಟೆಯದು 30. ಆದ್ದರಿಂದ 30/40, ಅಂದರೆ 3/4.

ಈಗ ನಮ್ಮ ತಪ್ಪುಗಳನ್ನು ಹತ್ತಿರದಿಂದ ನೋಡಿ. ಗೆಳೆಯನ 3/10 ಎಂದರೆ 30/100. ನನ್ನ 3/5 ಎಂದರೆ 30/50. ಗೆಳತಿಯದು 30/40. ಮೂವರ ಅಂಶವೂ ಅದೇ 30, ಛೇದ ಮಾತ್ರ ಬೇರೆ! ಗೆಳೆಯ ಅಟ್ಟ ಹತ್ತಿದ ನೂರೂ ಸಲವನ್ನು ಲೆಕ್ಕಕ್ಕೆ ಹಿಡಿದ. ಅದು ‘ಮೊದಲ ಚೀಲವೂ ಆಗಬೇಕು, ಕೆಂಪೂ ಬರಬೇಕು’ ಎಂಬ ಪ್ರಶ್ನೆಗೆ ಉತ್ತರ. ನಾನು ಮೊದಲ ಮೂಟೆಗೆ ಕೈ ಹಾಕಿದ ಐವತ್ತನ್ನಷ್ಟೇ ಹಿಡಿದೆ. ಅದು ‘ಮೊದಲ ಚೀಲ ಎಂದು ಗೊತ್ತಿದ್ದರೆ ಕೆಂಪು ಬರುವ ಸಂಭವ’. ಪ್ರಶ್ನೆ ನಮಗೆ ತಿಳಿಸಿದ್ದು ಚೆಂಡು ಕೆಂಪು ಎಂಬುದನ್ನು ಮಾತ್ರ. ಹಾಗಾಗಿ ಕೆಂಪು ಬಂದ ನಲವತ್ತೇ ಛೇದ. ಷರತ್ತುಬದ್ಧ ಸಂಭವನೀಯತೆಯ ಲೆಕ್ಕ ಬಂದಾಗಲೆಲ್ಲ ನಾನೀಗ ಸೂತ್ರಕ್ಕಿಂತ ಮೊದಲು ಒಂದು ಸಾಲು ಬರೆಯುತ್ತೇನೆ: ‘ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು’. ಛೇದ ಆ ಸಾಲಿನಿಂದಲೇ ಸಿಗುತ್ತದೆ.

ಪರೀಕ್ಷಾ ಪ್ರಾಧಿಕಾರ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆಗಳನ್ನು ಕೇಳುತ್ತದೆ. ಆಗ ‘ನಮ್ಮ ಮೂವರದೂ ಇದೇ ಉತ್ತರ’ ಎಂದರೆ ನಡೆಯದು, ಸಮರ್ಥನೆ ಕೊಡಬೇಕು. ಬಸ್ಸಿನಲ್ಲಿ ಬರೆದುಕೊಂಡ ಹಂತಗಳು ಅಲ್ಲಿಯೂ ಕೆಲಸಕ್ಕೆ ಬರುತ್ತವೆ.

ತೀರ್ಥಹಳ್ಳಿಯಲ್ಲಿ ಇಳಿಯುವಾಗ ಗೆಳತಿ ಇನ್ನೊಂದು ಲೆಕ್ಕ ಕೊಟ್ಟಳು. ಮೊದಲ ಸಲ ರಾಶಿ ಸಿಕ್ಕಿತು, ಅದನ್ನು ಅದೇ ಮೂಟೆಗೆ ಹಾಕಿ, ಮೂಟೆ ಬದಲಿಸದೆ ಮತ್ತೊಮ್ಮೆ ಕೈ ಹಾಕಿದರೆ ರಾಶಿಯೇ ಸಿಗುವ ಸಂಭವನೀಯತೆ ಎಷ್ಟು? ನಿಮಗೆ 2/5 ಬಂದರೆ ಮೊದಲ ಅಡಿಕೆಯಿಂದ ತಿಳಿದದ್ದನ್ನು ನೀವು ಬಳಸಿಲ್ಲ. ಮೂಟೆಗಳ ಸಂಭವ ಈಗ ಅರ್ಧ ಅರ್ಧವಲ್ಲ, 3/4 ಮತ್ತು 1/4. ಅದರಿಂದ 3/4 × 3/5 + 1/4 × 1/5, ಅಂದರೆ 9/20 + 1/20, ಒಟ್ಟು 1/2.