ಕೆರೆಗೆ ಉಸಿರು ಕಟ್ಟುವ ಹೊತ್ತು

ನದಿಗೆ ಕೊಳಚೆ ನೀರು ಬಂದು ಸೇರುವ ಕಡೆ ನಿಂತು ನೋಡಿದರೆ, ಎಲ್ಲಕ್ಕಿಂತ ಕೆಟ್ಟ ಜಾಗ ಇದೇ ಅನಿಸುತ್ತದೆ. ನಾತ, ನೊರೆ, ಕಪ್ಪು ಬಣ್ಣ ಎಲ್ಲ ಅಲ್ಲೇ ಇರುತ್ತವೆ. ಆದರೆ ಮೀನಿಗೆ ನಿಜವಾಗಿ ಉಸಿರು ಕಟ್ಟುವ ಜಾಗ ಅಲ್ಲಿಂದ ಎಷ್ಟೋ ಕಿಲೋಮೀಟರ್ ಕೆಳಗೆ ಇರಬಹುದು. ಅಲ್ಲಿ ನೀರು ನೋಡಲು ತಿಳಿಯಾಗಿಯೇ ಕಾಣಬಹುದು. ಮಾಲಿನ್ಯ ಸೇರಿದ ನೀರಿನಲ್ಲಿ ಏನಾಗುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಈ ಲೆಕ್ಕ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ.

ಕೊಳಚೆಯಲ್ಲಿರುವ ಕಸವನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಅದೇ ಹೊತ್ತಿಗೆ ಗಾಳಿಯಿಂದ ಹೊಸ ಆಮ್ಲಜನಕ ನೀರಿಗೆ ಇಳಿಯುತ್ತಿರುತ್ತದೆ. ಒಂದು ಖರ್ಚು, ಇನ್ನೊಂದು ಜಮೆ. ಈ ಎರಡನ್ನೂ ಒಂದೇ ಸಮೀಕರಣಕ್ಕೆ ತಂದವರು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅನ್ನುವ ಇಬ್ಬರು ಸಂಶೋಧಕರು. 1925ರಲ್ಲಿ, ಅಮೆರಿಕದ ಒಹಾಯೊ ನದಿಯ ಅಧ್ಯಯನದಲ್ಲಿ. ಇವತ್ತು ನಾವು ಬಳಸುವ ಎಷ್ಟೋ ದೊಡ್ಡ ಸಾಫ್ಟ್‌ವೇರ್‌ಗಳ ಒಳಗೆ ಈಗಲೂ ಅದೇ ಲೆಕ್ಕ ಓಡುತ್ತಿದೆ.

ಒಂದು ಉದಾಹರಣೆ ಮಾಡಿ ನೋಡೋಣ. ಕೊಳಚೆ ಬೆರೆತ ಮೇಲೆ ನದಿಯ ಪ್ರತಿ ಲೀಟರ್ ನೀರಿನಲ್ಲಿರುವ ಕಸ ಪೂರ್ತಿ ಕೊಳೆಯಲು 20 ಮಿಲಿಗ್ರಾಂ ಆಮ್ಲಜನಕ ಬೇಕು ಅಂದುಕೊಳ್ಳಿ. ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ. ಆ ಬಿಸಿಗೆ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕವೇ ಲೀಟರಿಗೆ ಸುಮಾರು 9.1 ಮಿಲಿಗ್ರಾಂ. ಶುರುವಿನಲ್ಲಿ ಅಷ್ಟೂ ಇದೆ ಅಂದುಕೊಳ್ಳಿ. ಕಸ ಕೊಳೆಯುವ ವೇಗ ದಿನಕ್ಕೆ 0.23 (ಅಂದರೆ ಒಂದು ದಿನಕ್ಕೆ ಉಳಿದ ಕಸದ ಸುಮಾರು ಐದರಲ್ಲಿ ಒಂದು ಪಾಲು ಕೊಳೆಯುತ್ತದೆ), ಗಾಳಿಯಿಂದ ಆಮ್ಲಜನಕ ತುಂಬುವ ವೇಗ ಅದರ ಎರಡರಷ್ಟು ಅಂತ ಇಟ್ಟರೆ, ಆಮ್ಲಜನಕ ಎಲ್ಲಕ್ಕಿಂತ ಕಡಿಮೆಯಾಗುವುದು ಮೂರು ದಿನ ಆದಾಗ. ಆಗ ಉಳಿಯುವುದು ಸುಮಾರು 4.1 ಮಿಲಿಗ್ರಾಂ. ನೀರು ಸೆಕೆಂಡಿಗೆ 20 ಸೆಂಟಿಮೀಟರ್ ಹರಿಯುತ್ತಿದ್ದರೆ, ಮೂರು ದಿನಕ್ಕೆ ಅದು 52 ಕಿಲೋಮೀಟರ್ ದಾಟಿರುತ್ತದೆ. ಕೊಳಚೆ ಬಿಟ್ಟವರಿಗೂ ಅಲ್ಲಿ ಸತ್ತ ಮೀನಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ ಅಲ್ವಾ? ಸಂಬಂಧವನ್ನು ತೋರಿಸಿಕೊಡುವುದು ಲೆಕ್ಕ.

ಈಗ ಬೇರೇನೂ ಬದಲಿಸದೆ ನೀರಿನ ಬಿಸಿಯನ್ನು ಮಾತ್ರ 30 ಡಿಗ್ರಿಗೆ ಏರಿಸಿ. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ, ಸುಮಾರು 7.5 ಮಿಲಿಗ್ರಾಂ ಅಷ್ಟೇ. ಬ್ಯಾಕ್ಟೀರಿಯಾಗಳು ಮಾತ್ರ ಇನ್ನೂ ಚುರುಕಾಗುತ್ತವೆ. ಆಮ್ಲಜನಕ ಎಲ್ಲಕ್ಕಿಂತ ಕಡಿಮೆಯಾಗುವ ಜಾಗ 37 ಕಿಲೋಮೀಟರಿಗೆ ಹತ್ತಿರವಾಗುತ್ತದೆ, ಅಲ್ಲಿ ಉಳಿಯುವ ಆಮ್ಲಜನಕ 2 ಮಿಲಿಗ್ರಾಂ ಕೂಡ ಇರುವುದಿಲ್ಲ. ಅಷ್ಟು ಕಡಿಮೆ ಆಮ್ಲಜನಕದಲ್ಲಿ ಹೆಚ್ಚಿನ ಮೀನುಗಳು ಬದುಕಲಾರವು. ಕೊಳಚೆ ಒಂದು ಹನಿಯೂ ಜಾಸ್ತಿ ಆಗಿಲ್ಲ, ನೆನಪಿರಲಿ. ಹಾಗಾಗಿ ವರ್ಷದ ಸರಾಸರಿ ಬಿಸಿ ಹಾಕಿ ಮಾಡಿದ ವರದಿಯನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯ ಬಿಸಿ, ಬೇಸಿಗೆಯ ಕಡಿಮೆ ಹರಿವು, ಎರಡೂ ಒಟ್ಟಿಗೆ ಬಂದ ವಾರವನ್ನೇ ಲೆಕ್ಕ ಹಾಕಬೇಕು.

ಸರಾಸರಿಯ ಬಗ್ಗೆ ನನಗೆ ಇಷ್ಟು ಹಟ ಬಂದದ್ದು ಒಂದು ಕೆರೆಯಿಂದ. ಆಳವಿಲ್ಲದ, ಪಾಚಿಯಿಂದ ಹಸಿರಾಗಿದ್ದ ಕೆರೆ. ನಮ್ಮ ತಂಡ ಮಾಡಿದ ಕಂಪ್ಯೂಟರ್ ಮಾಡೆಲ್ ಆಮ್ಲಜನಕ ಎಷ್ಟಿದೆ ಅಂತ ದಿನಕ್ಕೊಂದು ಸರಾಸರಿ ಸಂಖ್ಯೆ ಕೊಡುತ್ತಿತ್ತು. ಅದು ಸ್ಯಾಂಪಲ್‌ಗಳ ಜೊತೆ ಚೆನ್ನಾಗಿ ಹೊಂದುತ್ತಿತ್ತು. ಆಮ್ಲಜನಕ ಸಾಕಷ್ಟಿದೆ ಅಂತ ಬರೆದು ಕೊಟ್ಟೆವು. ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಕೆರೆಯ ತುಂಬ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಆ ದೃಶ್ಯ ನನಗೆ ಈಗಲೂ ಸಂಕಟ ಕೊಡುತ್ತದೆ.

ತಪ್ಪು ಎಲ್ಲಿತ್ತು ಅಂತ ಹುಡುಕಿದಾಗ ಸಿಕ್ಕಿದ್ದು ಸಣ್ಣ ಸಂಗತಿ. ಎಲ್ಲ ಸ್ಯಾಂಪಲ್‌ಗಳನ್ನೂ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ಒಳಗೆ ತೆಗೆದಿದ್ದೆವು. ಹಗಲಲ್ಲಿ ಪಾಚಿ ಬಿಸಿಲು ಹಿಡಿದು ಆಮ್ಲಜನಕ ಮಾಡುತ್ತದೆ. ರಾತ್ರಿ ಬಿಸಿಲಿಲ್ಲ, ಆದರೂ ಪಾಚಿ ಉಸಿರಾಡಲೇಬೇಕು. ಮೀನೂ ಉಸಿರಾಡಬೇಕು, ತಳದ ಹೂಳಿನಲ್ಲಿರುವ ಬ್ಯಾಕ್ಟೀರಿಯಾಗಳೂ ಉಸಿರಾಡಬೇಕು. ಎಲ್ಲವೂ ಸೇರಿ ರಾತ್ರಿಯಿಡೀ ಖರ್ಚು ಮಾಡುತ್ತಾ, ಬೆಳಕು ಹರಿಯುವ ಮುಂಚೆ ಬುಟ್ಟಿ ಬರಿದಾಗುತ್ತದೆ. ನೀರಿನಲ್ಲಿ ಸೆನ್ಸರ್ ಬಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಅಳೆದಾಗ ಇದು ಕಣ್ಣಿಗೆ ಕಂಡಿತು. ಮಧ್ಯಾಹ್ನ ನೀರು ಹಿಡಿಯುವುದಕ್ಕಿಂತಲೂ ಜಾಸ್ತಿ ಆಮ್ಲಜನಕ, ಬೆಳಗಿನ ಜಾವ ಹೆಚ್ಚುಕಡಿಮೆ ಏನೂ ಇಲ್ಲ. ಹಗಲಿನ ಮಟ್ಟಿಗೆ ನಮ್ಮ ಸರಾಸರಿ ಸರಿಯಾಗಿಯೇ ಇತ್ತು. ಆದರೆ ಮೀನು ಸರಾಸರಿಯನ್ನು ಉಸಿರಾಡುವುದಿಲ್ಲ, ಆ ಕ್ಷಣಕ್ಕೆ ಇರುವುದನ್ನು ಉಸಿರಾಡುತ್ತದೆ.

ಅಲ್ಲಿಂದ ಮುಂದೆ ಮಾಡೆಲನ್ನು ಗಂಟೆ ಗಂಟೆಗೂ ಓಡಿಸಿದೆವು. ಆಗ ಇನ್ನೊಂದು ಅಪಾಯವೂ ಗೋಚರಿಸಿತು. ಹಗಲಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಳ್ಳುವುದರಿಂದ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ಹೇಳುವ ಅಳತೆ) ಏರುತ್ತದೆ, ಅಂದರೆ ನೀರು ಹೆಚ್ಚು ಕ್ಷಾರವಾಗುತ್ತದೆ. ಕೊಳಚೆಯಿಂದ ಬಂದ ಅಮೋನಿಯಾದಲ್ಲಿ, 25 ಡಿಗ್ರಿ ಬಿಸಿಯಲ್ಲಿ, ಪಿಎಚ್ 7 ಇದ್ದಾಗ, ಶೇ. 1ಕ್ಕಿಂತ ಕಡಿಮೆ ಪಾಲು ಮಾತ್ರ ವಿಷದ ರೂಪದಲ್ಲಿರುತ್ತದೆ. ಪಿಎಚ್ 9 ಆದರೆ ಮೂರನೆಯ ಒಂದು ಭಾಗಕ್ಕಿಂತ ಜಾಸ್ತಿ ವಿಷವಾಗುತ್ತದೆ. ಅಂದರೆ ಮಧ್ಯಾಹ್ನ ಅಮೋನಿಯಾದ ಕಾಟ, ಬೆಳಗಿನ ಜಾವ ಉಸಿರಿನ ಕಾಟ. ಮೀನಿಗೆ ಒಂದೇ ದಿನದಲ್ಲಿ ಎರಡು ಗಂಡಾಂತರ.

ಪಾಚಿ ಇಷ್ಟು ಬೆಳೆಯಲು ಮುಖ್ಯ ಕಾರಣ ಕೊಳಚೆಯ ಜೊತೆ ಬರುವ ರಂಜಕ (ಫಾಸ್ಫರಸ್). ಕೆನಡಾದಲ್ಲಿ 1973ರಲ್ಲಿ ಒಂದು ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕ, ಒಂದು ಕಡೆ ಮಾತ್ರ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಅರ್ಧ ಹಸಿರಾಯಿತು. ಕೊಳಚೆ ನಿಲ್ಲಿಸಿದ ಮೇಲೂ ಹೂಳಿನಲ್ಲಿ ಕೂತ ರಂಜಕ ಉಳಿದಿರುತ್ತದೆ. ತಳದಲ್ಲಿ ಆಮ್ಲಜನಕ ಮುಗಿದಾಗ ಅದು ಮತ್ತೆ ಬಿಡುಗಡೆಯಾಗುತ್ತದೆ. ಈ ಹಳೆಯ ಸಾಲವನ್ನು ಸೇರಿಸದ ಮಾಡೆಲ್, ಕೆರೆ ಎರಡು ವರ್ಷದಲ್ಲಿ ಚೊಕ್ಕಟವಾಗುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸುತ್ತದೆ.

ಆ ಕೆರೆಯಲ್ಲಿ ನೀರಿಗೆ ಗಾಳಿ ಬೆರೆಸುವ ಏರೇಟರ್‌ಗಳು ಮೊದಲೇ ಇದ್ದವು. ನೋಡಿಕೊಳ್ಳುವವರು ಹಗಲಲ್ಲಿ ಇರುತ್ತಿದ್ದರು, ಅದಕ್ಕೆ ಯಂತ್ರಗಳೂ ಹಗಲಲ್ಲೇ ಓಡುತ್ತಿದ್ದವು. ಮಧ್ಯಾಹ್ನ ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುವಾಗ ನೀರನ್ನು ಕಲಕಿದರೆ, ಹೆಚ್ಚಾಗಿದ್ದದ್ದು ಗಾಳಿಗೆ ಹೋಗಿಬಿಡುತ್ತದೆ. ಅದೇ ಯಂತ್ರ, ಅದೇ ಕರೆಂಟ್ ಇಟ್ಟುಕೊಂಡು ಬೇರೆ ಬೇರೆ ಹೊತ್ತುಗಳನ್ನು ಮಾಡೆಲ್‌ನಲ್ಲಿ ಓಡಿಸಿ ನೋಡಿದೆವು. ನಡುರಾತ್ರಿಯಿಂದ ಸೂರ್ಯ ಏರುವವರೆಗೆ ಓಡಿಸಿದಾಗ ಬೆಳಗಿನ ಜಾವದ ಆ ತಗ್ಗು ತುಂಬುತ್ತಿತ್ತು. ಈಗ ಅಲ್ಲಿ ಏರೇಟರ್‌ಗಳಿಗೆ ಟೈಮರ್ ಹಾಕಿದ್ದಾರೆ. ಸೆನ್ಸರ್ ಕೂಡ ನೀರಿನಲ್ಲೇ ಇದೆ.